ಕಾಗದ ಅಂಟಿಸಿದ ಸೀಡಿ

ಪಂಢರಿಯ ಹೊಟ್ಟೆಕಿಚ್ಚಿಗೆ ಕಾರಣ ಅಂಗೈಯಗಲದ ಒಂದು ಸೀಡಿ. ಅದು ಭಾಲ್ಕಿಯಲ್ಲಿ ಅವನಂತೆಯೇ ಮದುವೆಗಳಿಗೆ ಸೌಂಡ್ ಬಾಡಿಗೆ ಕೊಡುವ ಮುಜೀಬೋದ್ದೀನನದು. ಒಳ್ಳೆಯ ಸೀಡಿ ಸಿಕ್ಕರೆ ಸೌಂಡಿನವರು ಮೇಲೆ ಕಾಗದ ಅಂಟಿಸಿ ಹೆಸರು ಮುಚ್ಚಿಬಿಡುತ್ತಾರೆ. ಇಲ್ಲದಿದ್ದರೆ ಎದುರಾಳಿ ಓದಿಕೊಂಡು ಹೈದರಾಬಾದಿನಿಂದ ಅದನ್ನೇ ತಂದುಬಿಡುತ್ತಾನೆ. ಪಂಢರಿಯೂ ಹೀಗೇ ಮುಚ್ಚುವವನು. ಆದರೆ ಮುಜೀಬನ ಕಾಗದದ ಕೆಳಗೇನಿದೆ ಎಂಬ ಚಿಂತೆಯಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಪಂಢರಿಗೆ ತನ್ನ ಕಿವಿಯ ಮೇಲೆ ಬಲು ಭರವಸೆ. ಮುಂಬಯಿಗೆ ದುಡಿಯಲು ಹೋದ ತಮ್ಮ ಕಾಶೀರಾಮ ರದ್ದಿ ಅಂಗಡಿಯಲ್ಲಿ ಆರಿಸಿ ಸೀಡಿ ಕಳಿಸುತ್ತಿದ್ದ. ಇವನು ಒಂದೊಂದನ್ನೂ ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಕೇಳುವನು. ಸಿನಿಮಾ ಹಾಡಲ್ಲವೆಂದರೆ ಮುಗಿಯಿತು, ಕಾಸಿದ ಸೂಜಿಯಿಂದ ಹಾಡಿಲ್ಲದ ಹೊರ ಅಂಚಿಗೆ ತೂತು ಹಾಕಿ, ಗಿಳಿ ಬೆದರಿಸಲು ಹೊಲದಲ್ಲಿ ನೇತುಹಾಕುವನು. ಆಮೇಲೆ ಮಳೆ ಹೋಯಿತು, ತೊಗರಿ ಹೋಯಿತು, ಊರ ಅರ್ಧ ಮಂದಿಯ ಜೊತೆ ಗಿಳಿಗಳೂ ಗುಳೆ ಹೋದವು. ಸೀಡಿಗಳು ಮಾತ್ರ ಬರಿಹೊಲದಲ್ಲಿ ಮಿನುಗುತ್ತಿದ್ದವು.

ಇಂದು ಔರಾದಿನಲ್ಲಿ ಅವನ ನಾದಿನಿಯ ಮದುವೆ. ಸೌಂಡಿನ ಅಳಿಯ ಮನೆಯಲ್ಲೇ ಇರುವಾಗ ಮಾವ ಮಾಣಿಕ ಕರೆಸಿದ್ದು ಮುಜೀಬನನ್ನು.

"ಮಾವಾ, ನನ್ನ ಸ್ಪೀಕರ್ ಡಬ್ಬಾಕ್ಕ ಏನ್ ಕಮ್ಮಿ ಆಗ್ಯದ್ರಿ?"

"ಡಬ್ಬಾ ಛಲೋನೇ ಅವ ಅಳಿಯರೇ, ಹಾಡು ಹಳೀವು. ಹೈದರಾಬಾದಿಗಿ ದುಡಿಲಾಕ ಹೋದ ಹುಡುಗರು ರಜಾ ಹಾಕಿ ಕುಣಿಲಾಕಂತೇ ಬಂದಾರ."

ಮೆರವಣಿಗೆ ಹೊರಟಿತು. "ಆಫ್ರಿಕಾದ ನಗಾರಿ, ಐರ್ಲೆಂಡಿನ ಪಿಟೀಲು, ಚೀಲದಿಂದ ಊದೋ ಸನಾದಿ, ಕೆಳಗ ಮಷೀನಿನ ಠೋಕಾ. ಕುಣೀರಿ," ಎಂದು ಮುಜೀಬ ಮೈಕಿನಲ್ಲಿ ಸಾರಿದ. ನಗಾರಿ ಎದೆಗೇ ಗುದ್ದಿತು, ಅದರ ಬೆನ್ನೇರಿ ಸನಾದಿ ಕೂಗಿತು. ಮೊಣಕಾಲು ನೋವಿನ ಅತ್ತೆಯೂ ಕುಣಿದಳು. ಪಂಢರಿಯ ಹಾಡಿಗೆ ಒಂದು ದಿನವೂ ಹೆಜ್ಜೆ ಎತ್ತದ ಅವನ ಹೆಂಡತಿ ಗಿರಿಜಾಬಾಯಿ ಸೆರಗು ಸಿಕ್ಕಿಸಿ ನಡುವೆ ನುಗ್ಗಿದಳು. ಕೆಳಗೆ ನೋಡಿದರೆ ಪಂಢರಿಯ ಕಾಲೇ ತಾಳ ಹಾಕುತ್ತಿತ್ತು. ಅದನ್ನಂತೂ ಅವನಿಂದ ಸಹಿಸಲಾಗಲಿಲ್ಲ.

ಮುಜೀಬ ಊಟಕ್ಕೆ ಕುಳಿತದ್ದೇ ತಡ, ಸೀಡಿ ಪಂಢರಿಯ ಬನಿಯನ್ನಿನೊಳಗೆ ಸೇರಿತು.

ಊಟವಾದ ಮೇಲೆ ಗದ್ದಲವೋ ಗದ್ದಲ. ಮುಜೀಬ ತಂತಿಗಳನ್ನೆಲ್ಲ ಎತ್ತಿ ಹುಡುಕಿದ, ಹುಡುಗರು ಕೂಗಿದರು. ಮಾವ ಓಡಿಬಂದು, "ಅಳಿಯರೇ, ಈಗ ಮನಿ ಮರ್ಯಾದಿ ನಿಮ್ಮ ಕೈಯಾಗದ," ಎಂದ. ಈ ಮಾತಿಗಾಗಿ ಪಂಢರಿ ವರ್ಷಗಟ್ಟಲೆ ಕಾದಿದ್ದ. ಎದೆಯುಬ್ಬಿಸಿ ಹೋಗಿ ತನ್ನ ಸೀಡಿ ಹಾಕಿದ.

"ಇದಲ್ರಿ ಕಾಕಾ, ಆ ಸನಾದೀದು ಹಾಕ್ರಿ," ಎಂದರು ಹುಡುಗರು.

ಬೇಕಾದದ್ದು ಅವನ ಹೊಟ್ಟೆಗೇ ತಣ್ಣಗೆ ಅಂಟಿಕೊಂಡಿತ್ತು. ತೆಗೆದರೆ ಕಳ್ಳ, ತೆಗೆಯದಿದ್ದರೆ ಕೆಲಸಕ್ಕೆ ಬಾರದವ. ಕುಣಿಯುವವರು ಒಬ್ಬೊಬ್ಬರಾಗಿ ಕುಳಿತರು.

"ಹೊಟ್ಟಿ ಯಾಕ ಹಿಡ್ಕೊಂಡೀರಿ?" ಎಂದ ಮಾವ.

"ಕೆಟ್ಟದ್ರಿ," ಎಂದವನೇ ಪಂಢರಿ ನೀರಿನ ಟ್ಯಾಂಕರಿನ ಹಿಂದಕ್ಕೆ ಓಡಿದ.

ಹೆಸರೊಂದು ಸಿಕ್ಕರೆ ನಾಳೆಯೇ ಹೈದರಾಬಾದಿನಿಂದ ತರಬಹುದು. ಸೋರುವ ನಳದ ಕೆಳಗೆ ಹಿಡಿದು ಕಾಗದ ಉಜ್ಜಿದ. ಅದು ಸಿಪ್ಪೆಯಂತೆ ಎದ್ದುಬಂತು. ಹೆಸರಿಗಿಂತ ಮೊದಲು ಕಂಡದ್ದು ಅಂಚಿನ ತೂತು. ಸುಟ್ಟ ತೂತು. ತನ್ನದೇ ಸೂಜಿಯದು.

"ಏನ್ರಿ, ಇದು ನಮ್ಮ ಹೊಲದ್ದಲ್ಲೇನು?" ನೀರಿಗೆ ಬಂದ ಗಿರಿಜಾಬಾಯಿ ಬಗ್ಗಿ ನೋಡುತ್ತಿದ್ದಳು. "ಬರದಾಗ ಮುಜೀಬಣ್ಣ ನಮ್ಮ ಹೊಲಕ್ಕ ಆಡು ಮೇಯಿಸ್ಲಾಕ ಬಂದಾಗ ಇದನ್ನ ಕೇಳಿದ್ರು, ಒಯ್ರಿ ಅಂದಿದ್ದೆ. ನಿಮಗ ಎಲ್ಲಿ ಸಿಕ್ತು?"

"ಇಲ್ಲೇ... ಬಿದ್ದಿತ್ತು."

ಅವಳು ಸೀಡಿ ಎತ್ತಿ ಹಿಡಿದು ಕೂಗಿದಳು. "ಅಣ್ಣಾ, ಸೀಡಿ ಸಿಕ್ತು ನೋಡ್ರಿ. ನಮ್ಮನಿಯವರೇ ಹುಡುಕ್ಯಾರ."

ಮಾವ ಬೆನ್ನು ತಟ್ಟಿದ. ಮುಜೀಬ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಉಪಕಾರ ಮರೆಯಾಂಗಿಲ್ಲ ಭಾಯಿ. ಈ ಹಾಡಿನ ಮಂದೀದೇ ಇನ್ನೊಂದು ಆಲ್ಬಂ ಅದ. ಹೈದರಾಬಾದ ಪೂರಾ ತಿರುಗಿದೆ, ಸಿಗವಲ್ದು."

ಪಂಢರಿಗೆ ತಟ್ಟನೆ ನೆನಪಾಯಿತು. ಕಾಶೀರಾಮ ಕಳಿಸಿದ್ದು ಜೋಡಿ ಸೀಡಿ. ಇನ್ನೊಂದು ಈಗಲೂ ಹೊಲದಲ್ಲಿ ತೂಗುತ್ತಿದೆ. ಇವತ್ತೇ ಬಸ್ಸು ಹಿಡಿದರೆ ಅದು ತನ್ನದು.

"ಇದರ ಜೋಡೀದು ನಮ್ಮ ಜಾಲಿ ಗಿಡದಾಗ ಅದ ಅಣ್ಣಾ," ಎಂದಳು ಗಿರಿಜಾಬಾಯಿ. "ಬಂದು ಒಯ್ರಿ. ಇವರಿಗಿ ಅಂಥಾ ಹಾಡು ಸೇರಂಗಿಲ್ಲ. ಹೌದಲ್ರಿ?"

ಎಲ್ಲರೂ ಪಂಢರಿಯ ಮುಖ ನೋಡಿದರು. ಒದ್ದೆ ಕಾಗದ ಇನ್ನೂ ಅವನ ಮುಷ್ಟಿಯಲ್ಲಿತ್ತು.

"ಹೌದು," ಎಂದ ಪಂಢರಿ. "ನನಗ ಬ್ಯಾಡ."