ಫ್ರಾನ್ಸಿನಲ್ಲಿ ಸಿಕ್ಕ ಕೊಸರು

ಕೆಲವರ ಜಾತಕದಲ್ಲಿ ಶನಿ ಇರುತ್ತಾನೆ, ನನ್ನ ಜಾತಕದಲ್ಲಿ ಪಕ್ಕದ ಮನೆಯವನಿದ್ದಾನೆ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮಿಬ್ಬರ ನಡುವೆ ಒಂದೇ ಗೋಡೆ. ಕಾಗದದ ಕಾರ್ಖಾನೆಯಲ್ಲಿ ಒಂದೇ ಸೆಕ್ಷನ್, ಒಂದೇ ಸಂಬಳ, ಇಬ್ಬರೂ ಸಸ್ಯಾಹಾರಿಗಳು. ಒಂದೇ ನುಗ್ಗೆ ಕೊಂಬೆಯನ್ನು ಎರಡು ತುಂಡು ಮಾಡಿ ಇಬ್ಬರೂ ನೆಟ್ಟೆವು. ಅವನದ್ದು ಕಾಯಿ ಬಿಟ್ಟಿತು, ನನ್ನದಕ್ಕೆ ಕಂಬಳಿಹುಳ ಹತ್ತಿತು. ಇಂಥದ್ದು ಆಗುತ್ತಲೇ ಬಂದಿದೆ, ಇನ್ನೂ ಆಗುತ್ತಲೇ ಇದೆ. "ಅವರನ್ನ ನೋಡಿ ಕಲೀರಿ" ಎಂದು ನನ್ನ ಹೆಂಡತಿ ದಿನಕ್ಕೊಮ್ಮೆಯಾದರೂ ಅನ್ನದೆ ಇರುತ್ತಿರಲಿಲ್ಲ. ನನಗಿದ್ದದ್ದು ಒಂದೇ ಆಸೆ. ಯಾವುದಾದರೂ ಒಂದು ವಿಷಯದಲ್ಲಿ ಅವನನ್ನು ಮೀರಿಸಿ, ಅವಳ ಬಾಯಿಂದ "ಪರವಾಗಿಲ್ಲ ನೀವು" ಅನ್ನಿಸಿಕೊಳ್ಳಬೇಕು.

ಅರವತ್ತರ ದಶಕದಲ್ಲಿ ಹೊಸ ಯಂತ್ರದ ಕೆಲಸ ಕಲಿತು ಬರಲೆಂದು ನಮ್ಮಿಬ್ಬರನ್ನೂ ಫ್ರಾನ್ಸಿನ ಗ್ರೆನೋಬಲ್ ಎಂಬ ಊರಿಗೆ ಮೂರು ತಿಂಗಳು ಕಳಿಸಿದರು. ಊಟಕ್ಕೆ ಕೊಟ್ಟ ಭತ್ಯೆ ತೀರಾ ಕಡಿಮೆ. ನನಗೆ ಒಳಗೊಳಗೇ ಖುಷಿಯಾಯಿತು. ದುಡ್ಡು ಕಡಿಮೆ ಇದ್ದಲ್ಲಿ ಗೆಲ್ಲುವವನು ನಾನೇ, ನನ್ನ ಜಿಪುಣತನದ ಮೇಲೆ ನನಗೆ ಅಷ್ಟು ನಂಬಿಕೆ.

೧. ಬ್ರೆಡ್ಡಿನ ಬುಟ್ಟಿ

ಕಾರ್ಖಾನೆ ಹತ್ತಿರ ಕೆಲಸಗಾರರು ಊಟ ಮಾಡುವ ಸಣ್ಣ ಹೋಟೆಲೊಂದಿತ್ತು. ನಮಗೆ ಎಟುಕುವಂಥದ್ದೆಂದರೆ ತರಕಾರಿ ಸೂಪು ಮಾತ್ರ. ಸೂಪಿನ ಜೊತೆಗೆ, ನಾವು ಕೇಳದಿದ್ದರೂ, ಒಂದು ಬುಟ್ಟಿ ತುಂಬ ಬ್ರೆಡ್ಡು ತಂದಿಟ್ಟರು. ನಾನು ಬುಟ್ಟಿಯನ್ನು ಮೆಲ್ಲಗೆ ಆಚೆ ತಳ್ಳಿದೆ. ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಹೋಟೆಲೊಂದರಲ್ಲಿ ಹಿಂದೊಮ್ಮೆ ಕೇಳದೆ ತಂದಿಟ್ಟ ಬೋಂಡವನ್ನು ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡು ತಿಂದು, ಆಮೇಲೆ ಬಿಲ್ಲು ನೋಡಿ ಬೆವೆತವನು ನಾನು. ಅಂಥ ಬಲೆಗೆ ಇನ್ನೊಮ್ಮೆ ಬೀಳುವವನಲ್ಲ.

ಪಕ್ಕದ ಮನೆಯವನಿಗೆ ಆ ಬುದ್ಧಿ ಎಲ್ಲಿ. ಬುಟ್ಟಿ ಖಾಲಿ ಮಾಡಿದ. ಇನ್ನೊಂದು ಬುಟ್ಟಿ ಬಂತು, ಅದನ್ನೂ ಖಾಲಿ ಮಾಡಿದ. ನಾನು ದಿನಾ ಬರೀ ಸೂಪು ಕುಡಿದು, ವಾರದ ಕೊನೆಗೆ ಬರುವ ಅವನ ಬಿಲ್ಲನ್ನು ನೆನೆಸಿಕೊಂಡೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ. ಕೊನೆಗೂ ಬಿಲ್ಲು ಬಂತು. ಅವನದ್ದೂ ನನ್ನದೂ ಒಂದೇ ಮೊತ್ತ. ಆ ದೇಶದಲ್ಲಿ ಬ್ರೆಡ್ಡು ನಮ್ಮ ಹೋಟೆಲಿನ ಸಾಂಬಾರಿನ ಹಾಗಂತೆ, ಎಷ್ಟು ತಿಂದರೂ ಲೆಕ್ಕವಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನ ಮೇಲೆ ರೇಗಿದೆ. ಅವನು ಕೊನೆಯ ತುಂಡನ್ನು ಸೂಪಿನಲ್ಲಿ ಅದ್ದುತ್ತಾ ಹೇಳಿದ, "ನಿಮ್ಮನೇಲಿ ವ್ರತಗಳು ಜಾಸ್ತಿ ಅಲ್ವಾ ಮಾರಾಯ. ಏನೋ ಉಪವಾಸ ಹಿಡ್ದಿದೀಯ, ಕೆಡಿಸೋದು ಬೇಡ ಅಂತ ಸುಮ್ನಿದ್ದೆ."

೨. ಮೂರನೆಯ ಸಲದ ಉಪಚಾರ

ನಾವು ಬಾಡಿಗೆಗಿದ್ದ ಮನೆಯೊಡತಿ ವಯಸ್ಸಾದ ವಿಧವೆ. ಹಾಲಿನಲ್ಲಿ ಆಲೂಗೆಡ್ಡೆ ಬೇಯಿಸಿ ಮೇಲೆ ಕೆಂಪಗೆ ಕೆನೆಗಟ್ಟಿಸುವ ಒಂದು ಪದಾರ್ಥ ಮಾಡುತ್ತಿದ್ದಳು. ಅದರ ವಾಸನೆ ಮೆಟ್ಟಿಲು ಹತ್ತಿ ನನ್ನ ಕೋಣೆಗೇ ಬರುತ್ತಿತ್ತು. ಒಂದು ಸಂಜೆ ಆ ಪಾತ್ರೆಯನ್ನು ನನ್ನ ಮುಂದೆ ಹಿಡಿದು, ತಗೋತೀಯಾ ಎಂದು ಸನ್ನೆ ಮಾಡಿದಳು. ನಾನು ಬೇಡವೆಂದು ಕೈ ಅಡ್ಡ ಮಾಡಿದೆ. ನಮ್ಮಲ್ಲಿ ಮೊದಲ ಸಲಕ್ಕೇ ಹೂಂ ಅಂದರೆ ಹೊಟ್ಟೆಬಾಕ ಅನ್ನುತ್ತಾರೆ. ಎರಡನೆಯ ಸಲವೂ ಬೇಡ ಅನ್ನಬೇಕು, ಮೂರನೆಯ ಸಲ ಒತ್ತಾಯಕ್ಕೆಂಬಂತೆ ಒಪ್ಪಿಕೊಳ್ಳಬೇಕು. ನಾನು ಎರಡನೆಯ ಸಲಕ್ಕೆ ಕಾಯುತ್ತಾ ನಿಂತೆ. ಅವಳು ಪಾತ್ರೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಅವಳು ಕೇಳುವ ಮೊದಲೇ ಅವನು ತಟ್ಟೆ ಹಿಡಿದು ನಿಂತಿದ್ದ.

ಅವತ್ತಿನಿಂದ ವಾರಕ್ಕೆ ಎರಡು ಸಲ ಅವನಿಗೆ ಆಲೂಗೆಡ್ಡೆ, ನನಗೆ ವಾಸನೆ. ಹೊಟ್ಟೆ ಉರಿದು ಹೋಯಿತು. ಇನ್ನು ಮರ್ಯಾದೆ ಕಟ್ಟಿಕೊಂಡು ಏನಾಗಬೇಕು ಎಂದು ತೀರ್ಮಾನಿಸಿದೆ. ಮತ್ತೊಂದು ಸಂಜೆ ಅವಳು ಒಂದು ತಟ್ಟೆ ತಂದು ನನ್ನ ಕೈಗೆ ಕೊಟ್ಟು ಏನೋ ಹೇಳಿದಳು. ನಾನು ಒಂದೇ ಸಲಕ್ಕೆ ಹೂಂ ಅಂದು, ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ತಟ್ಟೆ ಹೊಳೆಯುವ ಹಾಗೆ ತಿಂದು ಮುಗಿಸಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು. ಅದನ್ನು ಹಿತ್ತಲಲ್ಲಿ ಬೆಕ್ಕಿಗೆ ಇಟ್ಟು ಬಾ ಎಂದು ಅವಳು ಹೇಳಿದ್ದಳಂತೆ.

ತಿರುಗಿ ನೋಡಿದರೆ ಬೆಕ್ಕು ಬಾಗಿಲಲ್ಲೇ ಕೂತಿತ್ತು. ಅದು ನನ್ನನ್ನು ನೋಡುತ್ತಿದ್ದ ನೋಟ ನನಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಪಕ್ಕದ ಮನೆಯವನು ಊಟ ಮಾಡುವಾಗ ನಾನು ಅವನನ್ನು ನೋಡುತ್ತಿದ್ದದ್ದು ಹಾಗೆಯೇ.

೩. ಭಾನುವಾರದ ಸಂತೆ

ಭಾನುವಾರ ಹೋಟೆಲಿಗೆ ರಜ. ಮನೆಯೊಡತಿಯ ಒಲೆಯಲ್ಲಿ ನಾವೇ ಬೇಯಿಸಿಕೊಳ್ಳಬೇಕು. ಸಂತೆಯವರು ಅಂಗಡಿ ಎತ್ತುವ ಹೊತ್ತಿಗೆ ಹೋದರೆ ಅಗ್ಗ ಎಂಬುದನ್ನೂ ಅವನೇ ಕಂಡುಹಿಡಿದ. "ಒಬ್ನೇ ಹೋಗೋಕೆ ಬೇಜಾರು, ಬಾ, ಸುಮ್ನೆ ನನ್ನ ಹಿಂದೆ ನಿಂತ್ಕೋ" ಎಂದು ಕರೆಯುತ್ತಿದ್ದ. ಅವನ ಚೀಲ ತುಂಬುವುದನ್ನು ನೋಡಲೂ ಆಗದು, ನೋಡದೆ ಇರಲೂ ಆಗದು. ಹೋಗುತ್ತಿದ್ದೆ.

ತರಕಾರಿ ಮಾರುವವಳು ಗಟ್ಟಿ ಹೆಂಗಸು. ತೂಕವಾದ ಮೇಲೆ ಇವನು ಚೀಲದ ಬಾಯಿ ಅಗಲಿಸಿ ಅಚ್ಚ ಕನ್ನಡದಲ್ಲಿ, "ಅಮ್ಮಾ, ಸ್ವಲ್ಪ ಕೊಸರು ಹಾಕಿ" ಅನ್ನುತ್ತಿದ್ದ. ಅವಳು ಅವನ ಭುಜದಾಚೆಗೆ ಒಮ್ಮೆ ಕಣ್ಣು ಹಾಯಿಸಿ, ನಿಟ್ಟುಸಿರು ಬಿಟ್ಟು, ಎರಡು ಕ್ಯಾರೆಟ್ಟು, ಒಂದು ಹಿಡಿ ಸೊಪ್ಪು, ಕೆಲವು ದಿನ ಒಂದು ಸೇಬನ್ನೂ ಹಾಕುತ್ತಿದ್ದಳು. ಫ್ರೆಂಚರಿಗೆ ಕೊಸರು ಅಂದರೆ ಅರ್ಥವಾಗುತ್ತದೆ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಅದರಲ್ಲಿ ಅವನು ನನಗೊಂದು ಮೂಲಂಗಿ ಕೊಡುತ್ತಿದ್ದ. ಕೊಡದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಒಂದು ಭಾನುವಾರ ಅವನಿಗೆ ನೆಗಡಿ. ನಾನು ಕ್ಷೌರ ಮಾಡಿಕೊಂಡು, ಇದ್ದ ಒಂದೇ ಸೂಟು ಹಾಕಿಕೊಂಡು, ನಗುನಗುತ್ತಾ ಹೋಗಿ ಹುರುಳಿಕಾಯಿ ಕೊಂಡೆ. ಅವನಂತೆಯೇ ಚೀಲ ಅಗಲಿಸಿ ಅದೇ ಮಾತು ಹೇಳಿದೆ. ಅವಳು ನನ್ನ ಸೂಟನ್ನೂ ಮುಖವನ್ನೂ ನೋಡಿದಳು. ಆಮೇಲೆ ತಕ್ಕಡಿ ನೋಡಿ, ಸ್ವಲ್ಪ ಜಾಸ್ತಿ ತೂಗುತ್ತಿದ್ದ ಒಂದು ಕಾಯಿಯನ್ನು ವಾಪಸ್ಸು ತೆಗೆದುಕೊಂಡಳು.

೪. ಸ್ಟೇಷನ್ನಿನಲ್ಲಿ

ಮೂರು ತಿಂಗಳು ಮುಗಿಸಿ ವಾಪಸ್ಸು ಬಂದ ದಿನ ಭದ್ರಾವತಿ ಸ್ಟೇಷನ್ನಿಗೆ ಎರಡೂ ಮನೆಯವರು ಬಂದಿದ್ದರು. ಮೊದಲು ಅವನು ಇಳಿದ. ಕೆನ್ನೆ ತುಂಬಿಕೊಂಡು, ಕೋಟಿನ ಗುಂಡಿ ಹಾಕಲು ಬಾರದಂತೆ ಆಗಿದ್ದ. ಅವನ ಹಿಂದೆ ನಾನಿಳಿದೆ. ನನ್ನ ಹೆಂಡತಿ ನನ್ನನ್ನು ದಾಟಿ ರೈಲಿನ ಬಾಗಿಲ ಕಡೆಯೇ ನೋಡುತ್ತಿದ್ದಳು, ನಾನು ಇನ್ನೂ ಇಳಿದಿಲ್ಲವೆಂದುಕೊಂಡು.

ನಾನೇ ಹೋಗಿ ಮುಂದೆ ನಿಂತೆ. ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಜಟಕಾಗಾಡಿಯಲ್ಲಿ ಮನೆಗೆ ಅರ್ಧ ದಾರಿ ಬರುವಷ್ಟರಲ್ಲಿ ಆ ನೀರು ಒಣಗಿತ್ತು. "ಅದೇ ಊರು, ಅದೇ ದುಡ್ಡು. ಅವರು ಹೇಗೆ ಬಂದಿದಾರೆ ನೋಡಿ" ಎಂದಳು.

೫. ಮುಖದ ಬೆಲೆ

ಮುಂದಿನ ತಿಂಗಳು ಕ್ವಾರ್ಟರ್ಸಿನ ಕ್ಲಬ್ಬಿನಲ್ಲಿ ಅವನದ್ದೊಂದು ಭಾಷಣ. ಪರದೇಶದಲ್ಲಿ ಕಡಿಮೆ ದುಡ್ಡಿನಲ್ಲಿ ಚೆನ್ನಾಗಿ ಊಟ ಮಾಡುವುದು ಹೇಗೆ ಎಂಬುದು ವಿಷಯ. ಹೆಂಡತಿ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದಳು. ಅವನು ಬ್ರೆಡ್ಡು, ಆಲೂಗೆಡ್ಡೆ ಎಲ್ಲ ಮುಗಿಸಿ ಕೊಸರಿಗೆ ಬಂದ. ಅದನ್ನು ಹೇಗೆ ಗಿಟ್ಟಿಸಿದಿರಿ ಎಂದು ಯಾರೋ ಕೇಳಿದರು.

"ನಾನೇನೂ ಮಾಡ್ಲಿಲ್ಲ. ಇವನನ್ನ ಹಿಂದೆ ನಿಲ್ಲಿಸ್ಕೊಳ್ತಿದ್ದೆ. ನನ್ನ ಚೀಲ ನೋಡ್ತಾ ನೋಡ್ತಾ ಇವನ ಮುಖ ಇಷ್ಟುದ್ದ ಆಗೋದು. ಆಯಮ್ಮ ಪಾಪ, ಹಸಿವು ಅನ್ಕೊಳ್ತಿದ್ಲು" ಎಂದ. ನಾನು ಒಬ್ಬನೇ ಹೋದ ದಿನದ ಕಥೆಯನ್ನು ನನ್ನಿಂದಲೇ ಕೇಳಿದ್ದವನು, ನಾನು ನಗುತ್ತಾ ಹೋದದ್ದೇ ಕೆಲಸ ಕೆಡಿಸಿತು ಎಂದೂ ಸೇರಿಸಿದ.

ಸಭೆಯೆಲ್ಲ ತಿರುಗಿ ನನ್ನ ಮುಖ ನೋಡಿತು. ಆಗ ಅಲ್ಲಿ ಅದೇ ಮುಖವೇ ಇತ್ತೆಂದು ಕಾಣುತ್ತದೆ, ಚಪ್ಪಾಳೆ ಬಿತ್ತು. ಮೂರು ತಿಂಗಳು ಅವನು ಉಂಡದ್ದು ನನ್ನ ಹೊಟ್ಟೆಕಿಚ್ಚಿನಲ್ಲಿ ಬೇಯಿಸಿಕೊಂಡು. ಹೆಂಡತಿ ಮಾತ್ರ ನಗಲಿಲ್ಲ. ಏನೋ ಯೋಚಿಸುತ್ತಾ ಕೂತಿದ್ದಳು.

ಭಾನುವಾರ ಅವಳು ನನ್ನನ್ನು ಓಲ್ಡ್ ಟೌನಿನ ಸಂತೆಗೆ ಕರೆದೊಯ್ದಳು. ಬದನೆಕಾಯಿ ಮಾರುವವಳ ಮುಂದೆ ನಿಲ್ಲಿಸಿ ಕಿವಿಯಲ್ಲಿ, "ಮಾತಾಡ್ಬೇಡಿ. ಪಕ್ಕದ ಮನೆಯವರನ್ನ ನೆನಸ್ಕೊಳ್ತಾ ನಿಂತಿರಿ, ಸಾಕು" ಎಂದಳು. ನೆನೆಸಿಕೊಂಡೆ. ನುಗ್ಗೆಗಿಡದಿಂದ ಶುರುಮಾಡಿ ಬೆಕ್ಕಿನವರೆಗೂ ನೆನೆಸಿಕೊಂಡೆ. ಮಾರುವವಳು ತಮಿಳು ಬೆರೆತ ಕನ್ನಡದಲ್ಲಿ, "ಅಯ್ಯೋ ಪಾವಂ, ಐಯ್ಯಾಗೆ ಮೈ ಸರಿ ಇಲ್ಲವಾ" ಎಂದು ಎರಡು ಹಿಡಿ ಬದನೆಕಾಯಿ ಮೇಲೆ ಹಾಕಿದಳು. ಹೆಂಡತಿ ನನ್ನ ಕಡೆ ತಿರುಗಿ, "ಪರವಾಗಿಲ್ಲ ನೀವು" ಅಂದಳು. ಇಷ್ಟು ವರ್ಷ ಕಾದಿದ್ದ ಮಾತು. ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಪಕ್ಕದ ಮನೆಯವನೂ ಚೀಲ ಹಿಡಿದು ಅಲ್ಲಿಗೇ ಬಂದ. ಬದನೆಕಾಯಿ ತೂಗಿಸಿಕೊಂಡು ಕೊಸರು ಕೇಳಿದ. ಮಾರುವವಳು ಅವನ ಕೆನ್ನೆ ನೋಡಿ, ನಿಮಗ್ಯಾಕೆ ಸ್ವಾಮಿ ಕೊಸರು ಎಂದು ನಕ್ಕುಬಿಟ್ಟಳು. ನನ್ನ ಜನ್ಮ ಸಾರ್ಥಕವಾಯಿತು. ನಮ್ಮ ತುಂಬಿದ ಚೀಲವನ್ನು ಅವನಿಗೆ ಕಾಣುವಂತೆ ಮುಂದೆ ಹಿಡಿದೆ. ಅವನು ಚೀಲ ನೋಡಿದ, ನನ್ನನ್ನು ನೋಡಿದ, ಮತ್ತೆ ಚೀಲ ನೋಡಿದ. ಅವನ ಮುಖ ನಿಧಾನವಾಗಿ ಉದ್ದವಾಯಿತು. ಅಸೂಯೆ ಅವನಿಗೆ ಅದೇ ಮೊದಲ ಸಲವಿರಬೇಕು, ತುಂಬಾ ಚೆನ್ನಾಗಿ ಬಂತು.

ಮಾರುವವಳು ಅದನ್ನು ನೋಡಿ ಕರಗಿ, ಅವನ ಚೀಲಕ್ಕೆ ಮೂರು ಹಿಡಿ ಹಾಕಿದಳು.