ಕೆಂಪನಂಜಪ್ಪನ ಫೈರ್‌ವಾಲು

ಕೆಂಪನಂಜಪ್ಪನ ಹೆಂಡತಿ ಎಂಟು ತಿಂಗಳಿಂದ ಒಂದು ಕಣ್ಣು ಅರ್ಧ ಮುಚ್ಚಿಕೊಂಡು, ಬಾಯಿ ಓರೆ ಮಾಡಿಕೊಂಡೇ ಇದ್ದಳು.

ಮಂಗಳಳ ಮುಖದಲ್ಲಿ ದೋಷವೇನೂ ಇರಲಿಲ್ಲ. ದೋಷವಿದ್ದದ್ದು ವೈಫೈಯಲ್ಲಿ. ಸಂಜೆ ಏಳಕ್ಕೆ ಅವಳು ವಿಡಿಯೋ ಕಾಲ್ ಮಾಡುವಳು, "ಕಾಫಿ ಕುಡಿದ್ರಾ" ಅನ್ನುವಷ್ಟರಲ್ಲಿ ಚಿತ್ರ ನಿಂತುಬಿಡುವುದು. ಆಮೇಲೆ ಅರ್ಧ ಗಂಟೆ ಕೆಂಪನಂಜಪ್ಪ ಆ ಓರೆ ಬಾಯಿಯನ್ನೇ ನೋಡುತ್ತ ಕೂರುವನು. "ಕೇಳಿಸ್ತಾ?" "ಈಗ ಕೇಳಿಸ್ತಾ?" ಎನ್ನುವುದರಲ್ಲೇ ಇಬ್ಬರ ಸಂಸಾರ ನಡೆಯುತ್ತಿತ್ತು.

ಅವಳು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಂದು ಹಳ್ಳಿಯಲ್ಲಿ ಟೀಚರು. ಅವನು ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತ. ನಡುವೆ ಒಂದು ರಾತ್ರಿ, ಅರ್ಧ ಹಗಲು ಮತ್ತು ನಾಲ್ಕು ಬಸ್ಸು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ರಜೆಗಳನ್ನೆಲ್ಲ ಕೂಡಿಸಿದರೆ ಒಟ್ಟಿಗೆ ಬಾಳಿದ್ದು ಏಳು ತಿಂಗಳು. ವರ್ಗಾವಣೆಗೆ ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಆಗಿರಲಿಲ್ಲ. ಈಚೆಗೆ ಅವಳ ಮಾತಿನ ಕೊನೆಗೆ ಆ ಕಡೆಯ "ನೋಡ್ರಿ" ಅಂಟಿಕೊಳ್ಳುತ್ತಿತ್ತು. ಇನ್ನೆರಡು ವರ್ಷ ಬಿಟ್ಟರೆ ಹೆಂಡತಿ ಪೂರಾ ಆ ಕಡೆಯವಳೇ ಆಗಿಬಿಡುತ್ತಾಳೆ ಎಂದು ಅವನಿಗೆ ಭಯ.

ವೈಫೈ ಸೊರಗಿದ್ದಕ್ಕೆ ಕಾರಣ ಬೀದಿ. ಆ ಬೀದಿಯಲ್ಲಿ ಯಾರ ಮೊಬೈಲಿಗೂ ಒಂದು ಕಡ್ಡಿ ಸಿಗ್ನಲ್ ಇರಲಿಲ್ಲ. ಮೊದಲು ಲೈನ್ ಹಾಕಿಸಿದವನು ಕೆಂಪನಂಜಪ್ಪ. ಎದುರು ಮನೆಯ ಚನ್ನಾಜಮ್ಮ ಬಂದು ಕೇಳಿದರು, ಕೊಟ್ಟ. ಮೊಸರಿಗೆ ಹೆಪ್ಪು ಕೇಳಿದರೆ ಇಲ್ಲ ಅನ್ನುವುದುಂಟೇ? ಚನ್ನಾಜಮ್ಮನಿಂದ ಅದು ಹೆಪ್ಪಿನಂತೆಯೇ ಮನೆಯಿಂದ ಮನೆಗೆ ಹೋಯಿತು. ಪಾಸ್‌ವರ್ಡು ಹೆಂಡತಿಯ ಹೆಸರು. ಬೀದಿಯ ಪ್ರತಿ ಮನೆಯ ಕ್ಯಾಲೆಂಡರಿನ ಮೇಲೂ ಮಂಗಳ ಇದ್ದಳು, ಅವನ ಮನೆಯಲ್ಲಿ ಮಾತ್ರ ಇರಲಿಲ್ಲ.

"ಕಂಪನಿ ಕೊಟ್ಟಿರೋ ರೂಟರು ಛತ್ರದ ಬಾಗ್ಲು ಇದ್ದಂಗೆ ಕಣಣ್ಣ," ಎಂದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿಯಿಟ್ಟಿದ್ದ ರಂಗನಾಯಕ. "ಯಾರ್ ಬೇಕಾದ್ರೂ ಬಂದು ಎಲೆ ಮುಂದೆ ಕೂತ್ಕತಾರೆ. ಅದನ್ನ ಕಿತ್ತಾಕು. ಇದು ಫೈರ್‌ವಾಲು. ನೀನು ಎಸ್ರು ಬರ್ಕಂಡ ಫೋನು ಮಾತ್ರ ಒಳಕ್ಕೆ. ಮಿಕ್ಕಿದ್ದೆಲ್ಲ ಆಚೆಗೆ."

"ಪಾಸ್‌ವರ್ಡ್ ಬದ್ಲಾಯಿಸಿದ್ರೆ ಸಾಲ್ದೇನ್ಲಾ?"

"ಎರಡ್ ಸಲ ಬದ್ಲಾಯಿಸಿದ್ಯಲ್ಲ, ಏನಾಯ್ತು?"

ಏನಾಯಿತೆಂದರೆ, ಎರಡು ಸಲವೂ ಚನ್ನಾಜಮ್ಮ ಬಂದು ಕೇಳಿದರು, ಎರಡು ಸಲವೂ ಅವನು ಕೊಟ್ಟ.

"ಇದ್ರಲ್ಲಿ ಆ ರಗಳೆ ಇಲ್ಲ. ಪಾಸ್‌ವರ್ಡ್ ಗೊತ್ತಿದ್ರೂ ಒಳಕ್ಕೆ ಬರಂಗಿಲ್ಲ. ಮಿಷಿನ್ನೇ ಒಪ್ಪಲ್ಲ ಅನ್ನು, ಮುಗೀತು."

ಮನುಷ್ಯರಿಗೆ ಇಲ್ಲ ಅನ್ನಲಾರದ ಕೆಂಪನಂಜಪ್ಪನಿಗೆ, ತನ್ನ ಬದಲು ಇಲ್ಲ ಅನ್ನುವ ಮಿಷಿನ್ನು ಕಂಡು ಪ್ರೀತಿ ಉಕ್ಕಿತು. ತಿಂಡಿ ಡಬ್ಬಿಯಷ್ಟು ದಪ್ಪ, ಎರಡು ಕೊಂಬು. ತಂದ. ಗುರುವಾರ ರಜೆ ಹಾಕಿದ. ಬೆಳಿಗ್ಗೆ ಹತ್ತೂಕಾಲಿಗೆ ಕಂಪನಿಯ ರೂಟರಿನ ವೈರು ಕಿತ್ತು ಹೊಸ ಪೆಟ್ಟಿಗೆಗೆ ಚುಚ್ಚಿದ. ಕೆಂಪು ದೀಪ ಹತ್ತಿತು. ಕೆಂಪಾಗಿಯೇ ಉಳಿಯಿತು.

ಹತ್ತು ನಿಮಿಷಕ್ಕೆ ಬಾಗಿಲಲ್ಲಿ ಚನ್ನಾಜಮ್ಮ. "ಕೆಂಪಾ, ನೆಟ್ಟು ಎಲ್ಲೋಯ್ತಪ್ಪಾ? ಧಾರಾವಾಹೀಲಿ ಸೊಸೆ ಬಾವಿಗೆ ಬಿದ್ದೌಳೆ. ಅರ್ಧಕ್ಕೇ ನಿಂತೋಯ್ತು."

"ಲೈನು ಕಟ್ಟಾಗದೆ ಕಣಮ್ಮ. ಕಂಪನೀದು."

ಹಿಂದೆಯೇ ಅವನ ಮನೆಯ ಮಹಡಿಯಲ್ಲಿದ್ದ ಪುಷ್ಪ ಟೀಚರ್ ಓಡಿ ಇಳಿದಳು. ಯಳಂದೂರು ತಾಲ್ಲೂಕಿನ ಹೊನ್ನೂರಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಅಂದು ಅವಳೂ ರಜೆ ಹಾಕಿದ್ದಳು. ಬೆವರುತ್ತಿದ್ದಳು.

"ಸರ್, ಯಾವಾಗ ಬರುತ್ತೆ? ಐದೂವರೆ ಒಳಗೆ ಬರುತ್ತಲ್ವಾ?"

"ಬತ್ತದೆ ಬತ್ತದೆ," ಎಂದ. ಏಕೆ ಎಂದು ಕೇಳಲಿಲ್ಲ.

ರಂಗನಾಯಕನನ್ನು ಕೇಳೋಣವೆಂದರೆ ಫೋನಿಗೆ ಸಿಗ್ನಲ್ ಇಲ್ಲ. ಬೀದಿಯ ತುದಿಯ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ಅಲ್ಲಿ ನಿಂತರೆ ಪೆಟ್ಟಿಗೆ ಕಾಣುವುದಿಲ್ಲ, ಪೆಟ್ಟಿಗೆಯ ಮುಂದೆ ಕೂತರೆ ರಂಗನಾಯಕ ಕೇಳುವುದಿಲ್ಲ. ಕೆಂಪನಂಜಪ್ಪ ಮಗ್ಗದ ಲಾಳಿಯಂತೆ ಆ ತುದಿಗೂ ಈ ತುದಿಗೂ ನಾಲ್ಕು ಸಲ ಓಡಿದ. ಐದನೆಯ ಸಲ ಪಕ್ಕದ ಮನೆಯ ದೊಡ್ಡಸಿದ್ದಯ್ಯ ಅಡ್ಡ ನಿಂತ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ರಿಟೈರಾದವನು, ಬಸ್ಸು ಹೋದರೂ ಗಂಟಲು ಉಳಿದಿತ್ತು.

"ಆ ಅಂಗ್ಡಿಯವನ ನಂಬರ್ ಕೊಡ್ಲಾ ಕೆಂಪ. ಟ್ಯಾಂಕಿನತ್ರ ನಾ ನಿಂತ್ಕತೀನಿ. ಅವನೇಳಿದ್ದ ನಾ ಕೂಗ್ತೀನಿ, ನೀನು ಮಾಡು. ಬೀದಿಗೋಸ್ಕರ ನೀನೊಬ್ನೇ ಸಾಯ್ತಿದ್ರೆ ನಾವೇನು ಕಣ್ ಬಿಟ್ಕಂಡು ಕೂರದಾ?"

ಕೆಂಪನಂಜಪ್ಪನಿಗೆ ಅವನ ಮುಖ ನೋಡಲಾಗಲಿಲ್ಲ. ಆದರೂ ನಂಬರು ಕೊಟ್ಟ.

"ಅಳೇ ಪೆಟ್ಗೆ ತಳದಲ್ಲಿ ನಂಬರದಂತೆ!" ದೊಡ್ಡಸಿದ್ದಯ್ಯನ ದನಿಗೆ ಟ್ಯಾಂಕಿನ ಮೇಲಿದ್ದ ಕಾಗೆಗಳು ಹಾರಿದವು. "ಆ ನಂಬರ್ನ ಒಸಾದಕ್ಕೆ ಬರೀಬೇಕಂತೆ! ಲೈನಿಗೆ ಅಳೇ ಪೆಟ್ಗೇನೇ ಅನ್ಸಿ ಯಾಮಾರಿಸ್ಬೇಕಂತೆ!"

ಕೆಂಪನಂಜಪ್ಪ ಹಳೆಯ ಪೆಟ್ಟಿಗೆ ಮಗುಚಿದ. ಕಳೆದ ಆಯುಧಪೂಜೆಯಲ್ಲಿ, ಹೆಂಡತಿಯ ಮುಖ ತೋರಿಸುವ ಆಯುಧ ಇದೊಂದೇ ಎಂದು, ಅದರ ಮೈತುಂಬ ವಿಭೂತಿ ಬಳಿದು ಅರಿಶಿನ ಕುಂಕುಮ ಇಟ್ಟು ಮಂಗಳಾರತಿ ಎತ್ತಿದ್ದ. ನಂಬರಿನ ಚೀಟಿ ಇದ್ದ ಕಡೆಯೇ ಮೂರು ಪಟ್ಟೆ ಗಾರೆಯಂತೆ ಗಟ್ಟಿಯಾಗಿತ್ತು. ಉಗುರಿನಲ್ಲಿ ಕೆರೆದ. ಕೀಳಲಿಲ್ಲ.

"ತತ್ತಾ ಇಲ್ಲಿ," ಎಂದು ಚನ್ನಾಜಮ್ಮ ಕಿತ್ತುಕೊಂಡರು. "ದೇವ್ರ ಸಾಮಾನ್ ತೊಳ್ಯೋದು ನಿಂಗೇನ್ ಗೊತ್ತು?" ಅವನು ಬೇಡ ಅನ್ನುವುದರೊಳಗೆ ಹುಣಸೆಹಣ್ಣು ಹಾಕಿ ಕಂಚಿನ ದೀಪ ಉಜ್ಜಿದಂತೆ ಉಜ್ಜಿದರು. ಹುಳಿನೀರು ಪೆಟ್ಟಿಗೆಯ ತೂತುಗಳಲ್ಲಿ ಇಳಿದು ಇನ್ನೊಂದು ಕಡೆಯಿಂದ ಸೋರಿತು. ಹಳೆಯ ರೂಟರಿನ ಕತೆ ಅಲ್ಲಿಗೆ ಮುಗಿಯಿತು. ಆದರೆ ನಂಬರು ಕಂಡಿತು, ಕೊನೆಯ ಒಂದಕ್ಷರ ಬಿಟ್ಟು. ಅದನ್ನು ಊಹಿಸಿ ಊಹಿಸಿ ಒಂದೊಂದಾಗಿ ಹಾಕುತ್ತ ಹೋದ. ಪ್ರತಿ ಸಲವೂ ಪೆಟ್ಟಿಗೆ ಆರಿ ಹತ್ತಲು ಹತ್ತು ಹದಿನೈದು ನಿಮಿಷ. ಬೀದಿಯವರು ಊಟ ಮುಗಿಸಿ ಬಂದು ಜಗಲಿಯ ಮೇಲೆ ಕೂತರು. ಯಾರೋ ಅವನಿಗೂ ಒಂದು ತಟ್ಟೆಯಲ್ಲಿ ಮುದ್ದೆ, ಉಪ್ಪುಸಾರು ತಂದಿಟ್ಟರು.

ಪುಷ್ಪ ಟೀಚರ್ ಕೂರಲಿಲ್ಲ. ಒಮ್ಮೆ ಆಟೊ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೋಗಿಬಂದಳು. ಬಂದು ಮತ್ತೆ ಮೆಟ್ಟಿಲ ಮೇಲೆ ನಿಂತಳು.

ನಾಲ್ಕು ಗಂಟೆಗೆ ದೀಪ ಹಸಿರಾಯಿತು. ಜಗಲಿ ಚಪ್ಪಾಳೆ ತಟ್ಟಿತು. ದೊಡ್ಡಸಿದ್ದಯ್ಯ ಟ್ಯಾಂಕಿನ ಹತ್ತಿರದಿಂದಲೇ "ರೈಟ್!" ಎಂದು ಕೂಗಿದ. ತಮ್ಮನ್ನು ಹೊರಗಿಡುವ ಗೋಡೆಗೆ ಇಡೀ ದಿನ ಇಟ್ಟಿಗೆ ಹೊತ್ತು ಕೊಟ್ಟವರು ಖುಷಿಯಿಂದ ಫೋನು ತೆಗೆದರು.

"ನಂಗ್ ಬರ್ನಿಲ್ಲ."

"ನಂಗೂವೆ."

"ಬತ್ತದೆ ಕಣ್ರಿ, ಮಿಷಿನ್ನು ಒಸದು," ಎಂದ ಕೆಂಪನಂಜಪ್ಪ. "ಸ್ವಲ್ಪ ಬಿಸಿಯಾಗ್ಬೇಕು."

ಬಿಸಿಯಾಗುವವರೆಗೆ ಕಾಯಲು ಎಲ್ಲರೂ ಎದ್ದು ಹೋದರು. ಒಳಗೆ ಬಂದು ತನ್ನ ಫೋನಿನ ಹೆಸರೊಂದನ್ನೇ ಪಟ್ಟಿಯಲ್ಲಿ ನೋಡಿ, ಯಾರೂ ಇಲ್ಲದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನಂತೆ ಉಸಿರು ಬಿಟ್ಟ.

ನಾಲ್ಕೂವರೆಗೆ ಪುಷ್ಪ ಟೀಚರ್ ಬಾಗಿಲು ತಟ್ಟಿದಳು. ಕೈಯಲ್ಲಿ ಫೋನು.

"ಸರ್, ನಂದೊಂದನ್ನ ಹೆಂಗಾದ್ರೂ ಮಾಡಿ ಸೇರಿಸ್ಕೊಳ್ಳಿ ಸರ್. ಹತ್ತು ನಿಮಿಷ ಸಾಕು. ಒಂದ್ ಬಟನ್ ಒತ್ತೋದಷ್ಟೇ. ನಿಮ್ ವೈಫೈಯಿಂದ್ಲೇ ಆಗ್ಬೇಕು."

ಅವಳ ಹೆಸರು ಪಟ್ಟಿಗೆ ಸೇರಿಸಲು ಅರ್ಧ ನಿಮಿಷ ಸಾಕಿತ್ತು. ಕೆಂಪನಂಜಪ್ಪನ ಬೆರಳು ಎದ್ದದ್ದೂ ಹೌದು. ಅಷ್ಟರಲ್ಲಿ ಅವಳ ಭುಜದಾಚೆ, ಎದುರು ಮನೆಯ ಹೊಸಿಲ ಮೇಲೆ ಚನ್ನಾಜಮ್ಮ ಕುತ್ತಿಗೆ ಉದ್ದ ಮಾಡಿದ್ದು ಕಂಡಿತು. ಟೀಚರಿಗೆ ಕೊಟ್ಟರೆ ಚನ್ನಾಜಮ್ಮನಿಗೆ ಕೊಡಬೇಕು. ಚನ್ನಾಜಮ್ಮನಿಗೆ ಕೊಟ್ಟರೆ ಏಳು ಗಂಟೆಗೆ ಮತ್ತೆ ಓರೆ ಬಾಯಿ. ಇನ್ನು ಎರಡೂವರೆ ಗಂಟೆ ಗಟ್ಟಿಯಾಗಿ ನಿಂತರೆ ಹೆಂಡತಿಯ ಎರಡೂ ಕಣ್ಣು ತೆರೆದಿರುವುದನ್ನು ನೋಡಬಹುದು.

"ಮಿಷಿನ್ ಒಪ್ತಿಲ್ಲ ಟೀಚರೇ," ಎಂದ. ಜೀವಮಾನದಲ್ಲಿ ಮೊದಲ ಸಲ ಒಬ್ಬರಿಗೆ ಇಲ್ಲ ಅಂದಿದ್ದ.

ಅದೇ ಗಳಿಗೆಗೆ ಅವನ ಫೋನು ಟಿಣ್ ಟಿಣ್ ಎಂದು ಬಂದ ಸಂದೇಶಗಳನ್ನೆಲ್ಲ ಕಕ್ಕಿತು. ಪುಷ್ಪ ಟೀಚರ್ ಆ ಫೋನನ್ನು ನೋಡಿದಳು, ಹಸಿರು ದೀಪವನ್ನು ನೋಡಿದಳು, ಚಪ್ಪಲಿ ಮೆಟ್ಟಿ ಆಟೊ ಸ್ಟ್ಯಾಂಡಿನ ಕಡೆ ಓಡಿದಳು.

ಏಳಕ್ಕೆ ಮುಂಚೆ ಅವನು ಸ್ನಾನ ಮಾಡಿದ, ಇಸ್ತ್ರಿ ಮಾಡಿದ ಅಂಗಿ ಹಾಕಿದ. ಕಾಲ್ ಬಂತು. ಒತ್ತಿದ.

ಮಂಗಳ ಬಂದಳು. ಪೂರ್ತಿ ಬಂದಳು. ಹಣೆಗೆ ಅಂಟಿದ ಕೂದಲು, ಮೂಗುತಿ, ಗಲ್ಲದ ಮೇಲಿನ ಮಚ್ಚೆ, ಹಿಂದೆ ಒಣಹಾಕಿದ ಸೀರೆ ಗಾಳಿಗೆ ಆಡುತ್ತಿದ್ದದ್ದು, ಒಂದೂ ತಪ್ಪದೆ ಕಂಡಿತು. ಎಂಟು ತಿಂಗಳಿಂದ ಹಸಿದಿದ್ದ ಕಣ್ಣಿಗೆ ಯಾವುದನ್ನು ಮೊದಲು ತಿನ್ನುವುದೆಂದೇ ತಿಳಿಯಲಿಲ್ಲ. ಮಾತಿಗಿಂತ ಮೊದಲು ಕೈ ಹೋಗಿ ಫೋನಿನ ಗಾಜು ಸವರಿತು.

ಆಮೇಲೆ ಕಂಡಿತು, ಅವಳು ಅಳುತ್ತಿದ್ದಳು.

"ಯಾಕ್ ಮಂಗಳಾ? ಏನಾಯ್ತು?"

"ಓಯ್ತು ಕಣ್ರೀ. ಈ ಸಲಾನೂ ಓಯ್ತು." ಮೂಗೊರೆಸಿಕೊಂಡಳು. "ಆದ್ಮೇಲೆ ಹೇಳೋಣ ಅಂತಿದ್ದೆ. ಹೋದ್ ಸಲ ಆಗೇ ಬಿಡ್ತು ಅಂತ ನೀವು ಮಾರ್ಕೆಟ್‌ಗೆಲ್ಲ ಸಾರಿ, ಆಗ್ದೇ ಇದ್ದಾಗ ಮೂರ್ ದಿನ ಊಟ ಬಿಟ್ಟಿದ್ರಲ್ಲ, ಅದಕ್ಕೇ ಅವ್ರಿಗೂ ಬಾಯಿ ಬಿಡ್ಬೇಡಿ ಅಂದಿದ್ದೆ."

"ಯಾರ್ಗೆ?"

"ಪುಷ್ಪ ಟೀಚರ್‌ಗೆ. ಅವ್ರ ಯಜಮಾನ್ರು ಇಲ್ಲೇ ಇಂಡೀಲಿ ಬ್ಯಾಂಕಲ್ಲಿರೋದು. ಬೇಸಿಗೆ ರಜಕ್ಕೆ ಬಂದಾಗ ಮೆಟ್ಲ ಮೇಲೆ ಕೂತು ಇಬ್ರೂ ಮಾತಾಡ್ಕಂಡ್ವಿ. ಅದಲು ಬದಲು ವರ್ಗಾವಣೆ. ಅವ್ರು ನನ್ ಸ್ಕೂಲಿಗೆ, ನಾನು ಅವ್ರ ಸ್ಕೂಲಿಗೆ. ಹೊನ್ನೂರು ರೀ! ಬೆಳಿಗ್ಗೆ ಬಸ್ಸತ್ತಿದ್ರೆ ಸಾಯಂಕಾಲ ಮನೆ."

ಎರಡು ವರ್ಷದಿಂದ ತಲೆಯ ಮೇಲೇ ಇದ್ದ ಪುಷ್ಪ ಟೀಚರಿಗೆ ನಿಮ್ಮ ಯಜಮಾನರು ಯಾವ ಊರಲ್ಲಿದ್ದಾರೆ ಎಂದು ಕೆಂಪನಂಜಪ್ಪ ಒಮ್ಮೆಯೂ ಕೇಳಿರಲಿಲ್ಲ.

"ನಾನು ಬೆಳಿಗ್ಗೇನೇ ಒಪ್ಪಿಗೆ ಒತ್ತಿದ್ದೆ. ಅವ್ರು ಐದೂವರೆ ಒಳಗೆ ಒತ್ಬೇಕಿತ್ತು. ಹತ್ತು ಗಂಟೆಗೆ ಸೈಟ್ ಒಳಕ್ಕೋಗಿ ಕೂತಿದ್ರಂತೆ, ಪೇಜ್ ತೆರ್ಕಳಷ್ಟರಲ್ಲಿ ನೆಟ್ಟೇ ಓಯ್ತಂತೆ. ಆಚೆ ಹೋಗಿ ನೋಡಿದ್ರೆ, ನೀವು ಆಗ್ಲೇ ಬೇರೆ ಕಡೆಯಿಂದ ಒಳಗಿದ್ದೀರಿ, ಅಲ್ಲಿಂದ್ಲೇ ಮುಗಿಸಿ ಅಂತದಂತೆ ಸೈಟು. ಪಾಪ, ಸೈಬರ್ ಸೆಂಟರ್ ಮುಂದೆ ನಿಂತು ಫೋನಲ್ಲಿ ಗೊಳೋ ಅಂತ ಅತ್ರು." ಅವಳ ದನಿ ಏರಿತು. "ಯಾವನ್ರೀ ಅವ್ನು, ಇವತ್ತೇ ಲೈನ್ ಕಟ್ ಮಾಡಿದೋನು? ಅವನ ಕೈ ಸೇದೋಗ! ಅವನ ಹೆಂಡ್ತೀನೂ ಹಿಂಗೇ ದೂರ ಇರ್ಬೇಕು, ಆಗ ಗೊತ್ತಾಗ್ತದೆ ನೋಡ್ರಿ!"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಫೋನನ್ನು ಹತ್ತಿರಕ್ಕೆ ತಂದುಕೊಂಡಳು.

"ಅಲ್ಲ, ಬೀದೀಲಿ ಯಾರ್ಗೂ ನೆಟ್ಟಿಲ್ಲ ಅಂದ್ರು. ನಿಮ್ ಅಂಗಿ ಗುಂಡಿ ಕೂಡ ಕಾಣ್ತದಲ್ರೀ. ಏನ್ ಮಾಡಿದ್ರಿ?"

ಅವನ ಕೈ ಅಂಗಿಯ ಗುಂಡಿಗೆ ಹೋಯಿತು.

"ಮಂಗಳಾ, ಆ ಕಟ್ ಮಾಡಿದೋನ ಹೆಂಡ್ತಿ ಆಗ್ಲೇ ದೂರದಲ್ಲೇ ಅವ್ಳೆ ಕಣೇ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದು ಅವನಿಗೆ ಬಹಳ ಸ್ಪಷ್ಟವಾಗಿ ಕಾಣಿಸಿತು.