ಹನ್ನೊಂದರೊಳಗೆ ಹತ್ತು ಫೋನು

ಕಳೆದ ಅಮಾವಾಸ್ಯೆಯ ದಿನ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ, ಚಾಮರಾಜಪೇಟೆಯಲ್ಲಿರುವ ನಮ್ಮ ಅಂಧ ಮಹಿಳೆಯರ ಹಾಸ್ಟೆಲಿನ ಊಟದ ಮನೆಯ ಬಾಗಿಲಲ್ಲಿ, ಕರಿಹಲಗೆಯಿಂದ ಎರಡು ಅಡಿ ದೂರದಲ್ಲಿ, ಸೀಮೆಸುಣ್ಣ ಹಿಡಿದು ನಿಂತಿದ್ದೆ. ಎರಡು ಅಡಿ ಎಂಬುದು ಅಂದಾಜಲ್ಲ. ಆಮೇಲೆ ಹೋಗಿ ಅಳೆದೆ. ಅಂದಿನಿಂದ ಯಾವುದನ್ನೂ ಅಂದಾಜಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಹಾಸ್ಟೆಲಿಗಾಗಿ ದಾನ ಕೇಳುವುದು ನನ್ನ ಉದ್ಯೋಗ. ತಂದೆಯೋ ತಾಯಿಯೋ ತೀರಿಕೊಂಡ ದಿನ ದಾನಿಗಳು ಇಲ್ಲಿ ಒಂದು ಊಟ ಹಾಕಿಸುತ್ತಾರೆ, ಜೊತೆಗೆ ಒಂದು ತಿಂಗಳಿಗಾಗುವಷ್ಟು ಅಕ್ಕಿ ಕೊಡುತ್ತಾರೆ. ಆ ಹಿರಿಯರ ಹೆಸರನ್ನು ನಾನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಉಣ್ಣುವವರು ಅದನ್ನು ಓದಲಾರರು. ಓದಿ ಕಣ್ಣೊರೆಸಿಕೊಳ್ಳುವವರು ದಾನಿಗಳು. ಈ ಕೆಲಸದಲ್ಲಿ ದಿನನಿತ್ಯದ ಅಭ್ಯಾಸವೇ ಮುಖ್ಯವೆಂದು ಮಲ್ಲೇಶ್ವರದ ಒಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬೆಳಗ್ಗೆ ಹನ್ನೊಂದರೊಳಗೆ ಹತ್ತು ಫೋನು ಮಾಡಬೇಕು. ಮಾತಾಡುವಾಗ ನಗುತ್ತಿರಬೇಕು, ನಗು ದನಿಯಲ್ಲಿ ಕೇಳಿಸುತ್ತದಂತೆ. ದಾನಿಯನ್ನು ಕರೆಸಿ ಅವರ ಕೈಯಿಂದಲೇ ಬಡಿಸಬೇಕು. ಒಂದನ್ನೂ ಬಿಡದೆ ಮಾಡಿದೆ. ಗೋಡೆ ನೋಡಿಕೊಂಡು ನಗುವ ನನ್ನನ್ನು ಕಂಡು ಅಡುಗೆಯ ಗೌರಮ್ಮ ಒಮ್ಮೆ ನಿಂಬೆಹಣ್ಣು ನಿವಾಳಿಸಿ ರಸ್ತೆಗೆ ಎಸೆದಿದ್ದರು.

ನಮ್ಮ ದಾನಿಗಳಲ್ಲಿ ಇಬ್ಬರು ಅಣ್ಣತಮ್ಮಂದಿರು. ಬಸವನಗುಡಿಯ ರುದ್ರಪ್ಪನವರು ಅಣ್ಣ, ಮಹದೇವಪ್ಪನವರು ತಮ್ಮ. ಪೇಟೆಯ ಬೇಳೆ ಅಂಗಡಿ ಪಾಲಾದಾಗ ನಿಂತ ಮಾತು ಮತ್ತೆ ಶುರುವಾಗಿರಲಿಲ್ಲ. ತಾಯಿಯ ದಿನವನ್ನು ಅಣ್ಣ ತಾರೀಖಿನ ಪ್ರಕಾರ, ತಮ್ಮ ತಿಥಿಯ ಪ್ರಕಾರ ಆಚರಿಸುತ್ತಿದ್ದರು. ನನಗೆ ಎರಡು ಊಟ, ಎರಡು ತಿಂಗಳ ಅಕ್ಕಿ. ಆ ಜಗಳಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ತಾರೀಖಿನವರಿಗೆ ಒಂದು ಪುಸ್ತಕ, ತಿಥಿಯವರಿಗೆ ಇನ್ನೊಂದು ಪುಸ್ತಕ ಇಟ್ಟಿದ್ದೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ಇವೆರಡೂ ಒಂದೇ ದಿನ ಬಂದುಬಿಡಬಹುದೆಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಆ ತಾಯಿ ತೀರಿಕೊಂಡು ಆ ದಿನಕ್ಕೆ ಸರಿಯಾಗಿ ಹತ್ತೊಂಬತ್ತು ವರ್ಷ.

ರುದ್ರಪ್ಪನವರು ಒಳಗೆ ಪಾಯಸದ ಸೌಟು ಹಿಡಿದಿದ್ದರು. ಮಹದೇವಪ್ಪನವರು ಒಬ್ಬಟ್ಟಿನ ಡಬ್ಬಿಯೊಂದಿಗೆ ಬಂದು ಬಾಗಿಲಲ್ಲೇ ನಿಂತರು. ಇಬ್ಬರೂ ಮುನಿದರೆ ಎರಡು ತಿಂಗಳು ಅನ್ನವಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು.

"ಮೂರ್ತಿಗಳೇ, ಅವರನ್ನ ಕೇಳಿ, ನಮ್ಮಮ್ಮನ ದಿನ ಇಲ್ಲೇನು ಕೆಲಸ ಅಂತ," ಎಂದರು ತಮ್ಮ.

"ಅವರಿಗೆ ಹೇಳಿ, ಅಮ್ಮ ಕೊನೇವರ್ಗೂ ಇದ್ದಿದ್ದು ನಮ್ಮನೇಲಿ ಅಂತ," ಎಂದರು ಅಣ್ಣ.

ಇಬ್ಬರ ನಡುವೆ ನಾಲ್ಕು ಅಡಿ. ದಾನಿಯ ಮಾತನ್ನು ತಿರುಗಿ ಹೇಳುವುದೂ ಒಂದು ಒಳ್ಳೆಯ ಅಭ್ಯಾಸ. ಎರಡನ್ನೂ ನಗುತ್ತಲೇ ತಿರುಗಿ ಹೇಳಿದೆ. ಆಗ ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿರುವ ನಮ್ಮ ರತ್ನ ಎಲೆಯ ಮುಂದಿನಿಂದ ಕೂಗಿದರು: "ಸಾರ್, ಯಾರಮ್ಮ ಆದ್ರೂ ಪರವಾಗಿಲ್ಲ, ಅನ್ನ ಹಾಕ್ಸಿ. ನಂಗೆ ಎರಡು ಗಂಟೆಗೆ ಡ್ಯೂಟಿ!"

ಸಾಲಿಗೆ ಸಾಲೇ ನಕ್ಕಿತು. ಮಹದೇವಪ್ಪನವರ ಮುಖ ಕೆಂಪಾಯಿತು.

"ಇವರು ನಿಂಗೂ ಫೋನ್ ಮಾಡಿದ್ರೇನೋ?" ಎಂದರು ಅಣ್ಣ, ನನ್ನ ಕಡೆ ಸೌಟು ತೋರಿಸಿ, ಈ ಸಲ ತಮ್ಮನಿಗೇ ನೇರವಾಗಿ.

"ಹೂಂ ಅಣ್ಣ. ಹತ್ತೂವರೆಗೆ."

"ನಂಗೆ ಹತ್ತೂಕಾಲಿಗೆ! ಒಬ್ಬಳೇ ತಾಯಿಗೆ ಎರಡೂಟ ಬರೆಸ್ಕೊಂಡಿದಾರೆ, ನೋಡು."

"ಅದೂ ನಗ್ತಾ ನಗ್ತಾ, ಅಣ್ಣ."

ನನ್ನನ್ನು ಬೈಯುತ್ತಲೇ ಅಣ್ಣ ಪಾಯಸ ಬಡಿಸಿದರು, ಬೈಯುತ್ತಲೇ ತಮ್ಮ ಒಬ್ಬಟ್ಟು ಹಾಕಿದರು. ಒಂದೇ ಆಟೋದಲ್ಲಿ ಹೋದರು. ಆಟೋ ತಿರುವು ದಾಟುವವರೆಗೂ ಬೈಗುಳ ಕೇಳಿಸುತ್ತಿತ್ತು.

ಈಗ ಫೋನು ಮಾಡಿದರೆ ರುದ್ರಪ್ಪನವರು, "ತಮ್ಮನ್ನ ಒಂದು ಮಾತು ಕೇಳ್ಬೇಕಲ್ಲ" ಎನ್ನುತ್ತಾರೆ. ಮಹದೇವಪ್ಪನವರು, "ಅಣ್ಣ ಇದ್ದಾರಲ್ಲ, ಅವರು ಹೇಳಿದ ಹಾಗೆ" ಎನ್ನುತ್ತಾರೆ. ಇಬ್ಬರೂ ಸೇರಿ ಮುಂದಿನ ವರ್ಷ ಗಾಂಧಿ ಬಜಾರಿನ ಅಣ್ಣನ ಮನೆಯಲ್ಲೇ ಮಾಡುತ್ತಾರಂತೆ. ಅಕ್ಕಿ ಬಂದಿಲ್ಲ. ಡ್ರಮ್ಮಿನೊಳಗೆ ಗೌರಮ್ಮನ ತೋಳು ಈಗ ಭುಜದವರೆಗೂ ಇಳಿಯುತ್ತದೆ. ಒಂದು ಮನೆ ಕೂಡಿಸಿದ ಪುಣ್ಯದ ಬಗ್ಗೆ ನನಗೇನೂ ಸಂತೋಷವಾಗುತ್ತಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ನಡೆದದ್ದನ್ನು ಬರೆದುಕೊಡಿ, ನೋಡಿದವರ ಹೆಸರೂ ಇರಲಿ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ನನ್ನ ಹೊರತು ಕಣ್ಣಾರೆ ಕಂಡವರು ಮೂವರು, ಮೂವರೂ ಬದುಕಿದ್ದಾರೆ. ರುದ್ರಪ್ಪನವರೂ ಮಹದೇವಪ್ಪನವರೂ ಒಬ್ಬರನ್ನೊಬ್ಬರು ಕೇಳಿ ಹೇಳುತ್ತಾರಂತೆ. ಗೌರಮ್ಮ ಆಗ ಸಾರಿನ ಕಡೆ ನೋಡುತ್ತಿದ್ದರಂತೆ. ಕೊನೆಗೆ ರತ್ನ ಅವರ ಬಳಿ ಹೋಗಿ, ನೀವಾದರೂ ನನ್ನ ಪರವಾಗಿ ಒಂದು ಸಹಿ ಹಾಕಿ ಎಂದೆ.

"ಅಯ್ಯೋ ಸಾರ್, ನಾನೆಲ್ಲಿ ನೋಡ್ದೆ?" ಎಂದು ಮಡಿಚಿದ ಬಿಳಿ ಕೋಲು ಬಿಚ್ಚಿಕೊಂಡು ಡ್ಯೂಟಿಗೆ ಹೊರಟರು.